ಬೆನ್ನು ತಿರುಗಿಸಿ ಕೂರುತ್ತಿದ್ದ ನಾಟಕದ ಮೇಷ್ಟ್ರು

ನಾಟಕದ ಮೇಷ್ಟ್ರು ಅಂದಮೇಲೆ ನಾಟಕವನ್ನು ನೋಡಬೇಕೋ ಬೇಡವೋ? ನಮ್ಮ ಕಾಂತರಾಜ್ ಮೇಷ್ಟ್ರು ನೋಡುತ್ತಲೇ ಇರಲಿಲ್ಲ. ಮಕ್ಕಳು ಶಾಲೆಯ ಜಗುಲಿಯ ಮೇಲೆ ನಿಂತು ಮಾತು ಹೇಳುತ್ತಿದ್ದರೆ ಇವರು ಮೈದಾನದ ಆ ತುದಿಯಲ್ಲಿ, ಕಾಂಪೌಂಡ್ ಗೋಡೆಗೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಕೊಟ್ಟು ಕಬ್ಬಿಣದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮಾತು ಅಲ್ಲಿಗೆ ಸ್ಪಷ್ಟವಾಗಿ ಬಂದು ಮುಟ್ಟಿದರೆ ಬಲಗೈ ಮೇಲೆ. ಮುಟ್ಟದಿದ್ದರೆ ಕೈ ತೊಡೆಯ ಮೇಲೆಯೇ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಒಮ್ಮೆ ಇದನ್ನು ಕಂಡು, "ಯಾರ್ರೀ ಅದು? ಮಕ್ಕಳೇ ಮೇಷ್ಟ್ರಿಗೆ ಶಿಕ್ಷೆ ಕೊಟ್ಟು ಕೂರಿಸಿದಾರಾ?" ಎಂದು ಕೇಳಿದ್ದರು.

ನಾನು ಜಗದಾಂಬಾ. ಮನೆ ದುರ್ಗಿಗುಡಿಯಲ್ಲಿ, ಕೆಲಸ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ. ಯಾವ ಹೈಸ್ಕೂಲು ಎಂದು ಹೇಳುವುದಿಲ್ಲ, ಹೆಡ್‌ಮಾಸ್ಟರ್ ಶಂಕರನಾರಾಯಣ ಅವರಿಗೆ ನನ್ನ ಮೇಲೆ ಮೊದಲೇ ಕೋಪ. ನಾನು ಗಣಿತ ಹೇಳುವವಳು. ಕಾಂತರಾಜ್ ಮೇಷ್ಟ್ರೂ ನಾನೂ ಹದಿನೆಂಟು ವರ್ಷದ ಹಿಂದೆ ಒಂದೇ ವಾರ ಕೆಲಸಕ್ಕೆ ಸೇರಿದೆವು. ಆ ವಾರದಿಂದಲೇ ಅವರ ಪಿರಿಯಡ್ ಕಸಿದುಕೊಳ್ಳಲು ಶುರು ಮಾಡಿದವಳು ನಾನು. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ನಾಟಕದ ಪಿರಿಯಡ್ ಇದ್ದವು. "ಮೇಷ್ಟ್ರೇ, ಪ್ರಮೇಯ ಮುಗಿದಿಲ್ಲ, ಇವತ್ತೊಂದು ದಿನ" ಅನ್ನುತ್ತಿದ್ದೆ. "ತಗೊಳ್ಳಿ ಮೇಡಂ" ಎಂದು ನಗುತ್ತಿದ್ದರು. ಆ 'ಇವತ್ತೊಂದು ದಿನ' ಹದಿನೆಂಟು ವರ್ಷ ನಡೆಯಿತು! ಪಾಪ, ಅವರು ಬೆಳಿಗ್ಗೆ ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಬಂದು, ಗಂಟೆ ಹೊಡೆಯುವ ಮೊದಲು ಒಂದಿಷ್ಟು, ಆಟದ ಪಿರಿಯಡ್‌ನಲ್ಲಿ ಒಂದಿಷ್ಟು ಅಂತ ನಾಟಕ ಕಲಿಸುತ್ತಿದ್ದರು.

ಬೆನ್ನು ತಿರುಗಿಸಿ ಕೂರುವ ಕಥೆಯನ್ನು ಅವರೇ ಒಮ್ಮೆ ಸ್ಟಾಫ್‌ರೂಮಿನಲ್ಲಿ ಹೇಳಿದ್ದರು. ಅವರು ಹುಟ್ಟಿದ್ದು ಭದ್ರಾವತಿ ನ್ಯೂಟೌನಿನ ಕಾರ್ಮಿಕರ ಕ್ವಾರ್ಟರ್ಸಿನಲ್ಲಿ. ಅಪ್ಪ ಭೈರಪ್ಪನಿಗೆ ಉಕ್ಕಿನ ಕಾರ್ಖಾನೆಯ ಕುಲುಮೆಯ ಹತ್ತಿರ ಕೆಲಸ. ಆ ಸದ್ದಿನಲ್ಲಿ ಕಿವಿ ಮುಕ್ಕಾಲು ಹೋಗಿತ್ತು. ಗಣೇಶನ ಹಬ್ಬಕ್ಕೆ ಕ್ವಾರ್ಟರ್ಸಿನವರು ಆಡಿದ ನಾಟಕದಲ್ಲಿ ಹತ್ತು ವರ್ಷದ ಕಾಂತರಾಜನಿಗೆ ದೂತನ ಪಾರ್ಟು, ಮೂರೇ ಮಾತು. ಅಪ್ಪ ಪಾಳಿ ಮುಗಿಸಿ ಬೂಟುಗಾಲಲ್ಲೇ ಬಂದು ಕೊನೇ ಸಾಲಿನಲ್ಲಿ ಕೂತಿದ್ದ. ಮನೆಗೆ ಬಂದವನು, "ಚೆನ್ನಾಗಿ ಕುಣಿದೆ ಮಗನೇ" ಅಂದನಂತೆ. ಹುಡುಗ ಕುಣಿದೇ ಇರಲಿಲ್ಲ. ಅವನಿಗೆ ಎಷ್ಟು ಸಂಕಟವಾಯಿತೆಂದರೆ ಹಬ್ಬದ ಕಡುಬನ್ನೂ ಮುಟ್ಟಲಿಲ್ಲ. ಮುಂದಿನ ವರ್ಷ ಅವ್ವ ನಂಜಮ್ಮ ಬೀದಿಯ ಆ ತುದಿಯಲ್ಲಿ ಬೆನ್ನು ಮಾಡಿ ನಿಂತಳು, ಮಗ ಈ ತುದಿಯಿಂದ ಮಾತು ಹೇಳಿದ. ಕೇಳಿಸಿದರೆ ಅವ್ವ ಕೈ ಎತ್ತುತ್ತಿದ್ದಳು. ಒಂದು ತಿಂಗಳು ಹೀಗೇ ಅಭ್ಯಾಸ. ಆ ವರ್ಷದ ನಾಟಕದಲ್ಲಿ ಅಪ್ಪ ಕೊನೇ ಸಾಲಿನಲ್ಲಿ ಎದ್ದು ನಿಂತು ಕೈ ಎತ್ತಿದನಂತೆ. "ಆಮೇಲೆ ನಾಟಕದ ಟ್ರೈನಿಂಗು, ಸರ್ಟಿಫಿಕೇಟು ಎಲ್ಲಾ ಆಯ್ತು ಮೇಡಂ. ನಾನು ಪಾಸಾಗಿದ್ದು ಮಾತ್ರ ಅವತ್ತೇ" ಎಂದು ಮೇಷ್ಟ್ರು ಹೇಳಿದ್ದರು.

ಈಗಿನ ಶಾಲಾ ನಾಟಕಗಳನ್ನು ನೀವೂ ನೋಡಿರುತ್ತೀರಿ. ಮಾತೆಲ್ಲ ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ, ಮಕ್ಕಳು ಬರೀ ಬಾಯಿ ಆಡಿಸುತ್ತಾರೆ. ಕಾಂತರಾಜ್ ಮೇಷ್ಟ್ರಿಗೆ ಪೆನ್‌ಡ್ರೈವೂ ಬೇಡ, ಮೈಕೂ ಬೇಡ. ಅದಕ್ಕೇ ಅವರ ಮಕ್ಕಳ ಗಂಟಲು ನನ್ನ ತರಗತಿಯ ಬಾಗಿಲು ತೂರಿಕೊಂಡು ಬರುತ್ತಿತ್ತು. ಈ ವರ್ಷದ ಶಾಲಾ ನಾಟಕ ಸ್ಪರ್ಧೆಗೆ ಅವರೇ ಬರೆದ ನಾಟಕ: ಊರಿನ ಬಾವಿಯನ್ನು ದೊರೆ ಅರಮನೆಯ ಗೋಡೆಯೊಳಗೆ ಸೇರಿಸಿಕೊಂಡಿದ್ದಾನೆ, ನೀರು ಹೊರುವ ಮುದುಕಿಯೊಬ್ಬಳು ಆಸ್ಥಾನಕ್ಕೆ ನುಗ್ಗುತ್ತಾಳೆ. ಮುದುಕಿಯ ಪಾತ್ರ ಒಂಬತ್ತನೇ ತರಗತಿಯ ವಿದ್ಯಾಶ್ರೀಗೆ. "ನಾನು ನೀರು ಬೇಡಲಿಕ್ಕೆ ಬಂದವಳಲ್ಲ ದೊರೆ, ನಮ್ಮ ಬಾವಿ ವಾಪಸ್ ತಗೊಂಡು ಹೋಗಲಿಕ್ಕೆ ಬಂದವಳು!" ಇದನ್ನು ದಿನಾ ಕೇಳಿ ಕೇಳಿ ನಾನು ಬೋರ್ಡಿನ ಮೇಲೆ 'ತ್ರಿಭುಜದ ಮೂರು ಬಾವಿಗಳು' ಎಂದು ಬರೆದುಬಿಟ್ಟೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ಹೀಗಿರುವಾಗ ಒಂದು ಶುಕ್ರವಾರ ಆ ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು.

"ಮೇಡಂ, ಒಂದ್ ತಿಂಗಳಾಯ್ತು, ಸಾರ್ ನಂಗೆ ಒಂದ್ಸಲಾನೂ ಕೈ ಎತ್ತಿಲ್ಲ. ಸೋಮವಾರದಿಂದ ನನ್ನ ಪಾತ್ರ ಸಂಜಯ್‌ಗೆ ಕೊಡ್ತಾರಂತೆ."

ನನಗೆ ರೇಗಿಹೋಯಿತು. ದೊರೆಯ ಪಾತ್ರದ ಸಂಜಯ್‌ಗೆ ಗಡಸು ಗಂಟಲು, ಸರಿ. ಅದಕ್ಕೆ ದೊರೆಯ ಪಾತ್ರ ಬಿಡಿಸಿ ಅವನನ್ನೇ ಮುದುಕಿ ಮಾಡಬೇಕೇ? ಕೈಯಲ್ಲಿದ್ದ ಡಸ್ಟರ್ ಸಮೇತ ಮೈದಾನ ದಾಟಿದೆ. ಕುರ್ಚಿಯ ಹಿಂದೆ ನಿಂತು "ಮೇಷ್ಟ್ರೇ!" ಅಂದೆ. ಅಲುಗಲಿಲ್ಲ. ಇನ್ನೊಮ್ಮೆ ಅಂದೆ. ಮೂರನೇ ಸಲ ನಾನು ಕೂಗಿದ್ದಕ್ಕೆ ಖೋಖೋ ಆಡುತ್ತಿದ್ದ ಹುಡುಗಿಯರೆಲ್ಲ ಆಟ ನಿಲ್ಲಿಸಿ ನೋಡಿದರು. ನನ್ನ ನೆರಳು ಎದುರಿನ ಗೋಡೆಯ ಮೇಲೆ ಬಿದ್ದಾಗಲೇ ಅವರು ಬೆಚ್ಚಿ ತಿರುಗಿದ್ದು.

"ಓ, ಮೇಡಂ! ಯಾವಾಗ ಬಂದ್ರಿ?"

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. "ಮೂರ್ ಸಲ ಕರೆದೆ" ಎಂದೆ.

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ದಪ್ಪ ಧ್ವನಿ ಕೇಳುತ್ತೆ ಮೇಡಂ. ಸಣ್ಣ ಧ್ವನಿ ಜೂನ್‌ನಿಂದ ಕೇಳ್ತಿಲ್ಲ. ಅಪ್ಪನ ಕಿವಿ ನಂಗೂ ಬಂತು. ಡಾಕ್ಟ್ರು ಮಿಷನ್ ಹಾಕ್ಕೊಳ್ಳಿ ಅಂತಾರೆ. ಹಾಕ್ಕೊಂಡ್ರೆ ಪಿಸುಮಾತೂ ಕೇಳುತ್ತಲ್ಲ, ಆಗ ಮಕ್ಕಳ ಮಾತು ಕೊನೇ ಸಾಲಿಗೆ ಹೋಯ್ತೋ ಇಲ್ವೋ ಅಂತ ನಂಗೆ ಹ್ಯಾಗ್ ಗೊತ್ತಾಗ್ಬೇಕು?"

"ಏನ್ ಮಾರಾಯ್ರೇ ನೀವು! ನಿಮ್ಮ ಕಿವಿಗೋಸ್ಕರ ಆ ಹುಡುಗಿ ಪಾತ್ರ ಕಿತ್ಕೋತೀರಾ? ಬಾಗಿಲು ಹಾಕಿದ್ರೂ ಅವಳ ಮಾತು ನಂಗೆ ಕೇಳುತ್ತೆ. ಸುಮ್ನೆ ಕೈ ಎತ್ತಿಬಿಡಿ."

"ಸುಳ್ಳು ಕೈ ಎತ್ತಲ್ಲ ಮೇಡಂ. ಹದಿನೆಂಟು ವರ್ಷದಲ್ಲಿ ಒಂದ್ಸಲಾನೂ ಎತ್ತಿಲ್ಲ. ಇದೊಂದು ಸ್ಪರ್ಧೆ ಮುಗೀಲಿ. ನಾಟಕ ಬಿಟ್ಟು ಲೈಬ್ರರಿ ನೋಡ್ಕೋತೀನಿ ಅಂತ ಹೆಡ್‌ಮಾಸ್ಟ್ರಿಗೆ ಬರೆದು ಕೊಡ್ತೀನಿ."

ನಾನು ಬಿಡಲಿಲ್ಲ. "ಸ್ಪರ್ಧೆ ಎಲ್ಲಿ? ನಿಮ್ಮ ಭದ್ರಾವತೀಲೇ ತಾನೇ? ಅಲ್ಲಿ ಕೊನೇ ಸಾಲಲ್ಲಿ ಯಾರು ಕೂರ್ತಾರೆ?"

"ಅಪ್ಪನ ಪಾಳಿಯವರು. ನನ್ನ ಮಕ್ಕಳ ನಾಟಕ ಅಂದ್ರೆ ತಪ್ಪಿಸೋದಿಲ್ಲ. ಎಲ್ಲರದೂ ಕುಲುಮೆ ಕಿವಿ."

"ಸರಿ, ಅವರೇ ಹೇಳಲಿ. ಅವರಿಗೆ ವಿದ್ಯಾಶ್ರೀ ಮಾತು ಕೇಳಿಸಿದ್ರೆ ನೀವು ನಾಟಕ ಬಿಡಕೂಡ್ದು. ಕೇಳಿಸದಿದ್ರೆ ಲೈಬ್ರರಿಗೆ ಹೋಗಿ, ನಾನೇ ಅರ್ಜಿ ಬರೆದುಕೊಡ್ತೀನಿ."

"ಆಗ್ಲಿ ಮೇಡಂ" ಅಂದರು ಮೇಷ್ಟ್ರು.

ಮುಂದಿನ ಎರಡು ವಾರ ಕಬ್ಬಿಣದ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತವಳು ನಾನು! ನನ್ನ ಗಣಿತದ ಪಿರಿಯಡ್ಡುಗಳನ್ನೂ ಕೊಟ್ಟುಬಿಟ್ಟೆ. ಶಂಕರನಾರಾಯಣ ಅವರು ಕಿಟಕಿಯಿಂದ ಇಣುಕಿ, ನನಗೆ ಜ್ವರವೇ ಎಂದು ವಿಚಾರಿಸಿಕೊಂಡರು. ಮೇಷ್ಟ್ರು ಮಾತ್ರ ಮೊದಲ ಸಲ ಮಕ್ಕಳಿಗೆ ಮುಖ ಕೊಟ್ಟು ನಿಂತರು. ತುಟಿ ನೋಡಿ, ಉಸಿರು ನೋಡಿ ತಿದ್ದಿದರು. "ಕೂಗಬೇಡ ಮಗಾ, ಅಕ್ಷರ ನುಂಗಬೇಡ ಅಷ್ಟೇ. ಕೊನೇ ಸಾಲಲ್ಲಿ ನಿಮ್ಮಜ್ಜ ಕೂತಿದ್ದಾನೆ ಅಂದ್ಕೋ." ಮೊದಮೊದಲು ನಾನೂ ವಿದ್ಯಾಶ್ರೀಗೆ ಎರಡು ಸಲ ಕೈ ಎತ್ತಲಿಲ್ಲ. ಆ ಕುರ್ಚಿಯಲ್ಲಿ ಕೂತ ಮೇಲೆ ನನಗೂ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಸ್ಪರ್ಧೆಯ ಭಾನುವಾರ ನ್ಯೂಟೌನಿನ ಸಭಾಂಗಣ ಕಿಕ್ಕಿರಿದಿತ್ತು. ನಮಗಿಂತ ಮೊದಲು ನಾಲ್ಕು ಶಾಲೆ, ನಾಲ್ಕೂ ಪೆನ್‌ಡ್ರೈವ್. ನಮ್ಮ ಸರದಿ ಬಂದಾಗ ಮೇಷ್ಟ್ರು, "ಮೈಕ್ ಆಫ್ ಮಾಡಿ" ಅಂದರು. ಅಯ್ಯೋ ದೇವರೇ, ಮೇಲೆ ಹನ್ನೆರಡು ಫ್ಯಾನು ಗರಗರ ಅನ್ನುತ್ತಿದ್ದವು! ಕೊನೇ ಸಾಲಿನಲ್ಲಿ ಆರು ಜನ ಮುದುಕರು. ನಡುವೆ ಕೂತವರು ರಂಗಪ್ಪನವರು, ಭೈರಪ್ಪನ ಜೊತೆ ಒಂದೇ ಪಾಳಿಯಲ್ಲಿ ದುಡಿದವರು, ಎಂಬತ್ತು ದಾಟಿದೆ. ನಾಟಕ ಶುರುವಾಗುತ್ತಲೇ ಅವರು ಬಲಗೈ ಕಿವಿಯ ಹಿಂದೆ ಇಟ್ಟುಕೊಂಡರು. ನಮ್ಮ ಮೇಷ್ಟ್ರು ಎಲ್ಲಿ ನಿಂತರು ಗೊತ್ತೇ? ಅವರೆದುರಿಗೇ ಕಂಬಕ್ಕೆ ಒರಗಿ, ಎಂದಿನ ಹಾಗೆ ರಂಗಕ್ಕೆ ಬೆನ್ನು ಕೊಟ್ಟು. ಕಣ್ಣು ಮಾತ್ರ ರಂಗಪ್ಪನವರ ಆ ಕೈಯ ಮೇಲೆ.

ದೊರೆ ಅಬ್ಬರಿಸಿದ. ರಂಗಪ್ಪನವರ ಕೈ ಕಿವಿಯ ಹಿಂದೆಯೇ ಇತ್ತು. ಮಂತ್ರಿ ಮಾತಾಡಿದ. ಕೈ ಅಲ್ಲೇ. ವಿದ್ಯಾಶ್ರೀ ಖಾಲಿ ಕೊಡ ಹಿಡಿದು ಬಂದಳು. ನಾನು ಸೆರಗಿನ ತುದಿಯನ್ನು ಕಚ್ಚಿಕೊಂಡು ನಿಂತೆ. ಹುಡುಗಿ ಕೊಡ ಕೆಳಗಿಟ್ಟು, ಮುಖ ಎತ್ತಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ನಾನು ನೀರು ಬೇಡಲಿಕ್ಕೆ ಬಂದವಳಲ್ಲ ದೊರೆ, ನಮ್ಮ ಬಾವಿ ವಾಪಸ್ ತಗೊಂಡು ಹೋಗಲಿಕ್ಕೆ ಬಂದವಳು!"

ರಂಗಪ್ಪನವರ ಕೈ ಕಿವಿಯಿಂದ ಕೆಳಗಿಳಿಯಿತು. ಪಕ್ಕದ ಮುದುಕರೊಬ್ಬರು, "ಏನಂದ್ಲೋ?" ಎಂದು ಕೇಳಿದರು. ರಂಗಪ್ಪನವರು ಇಡೀ ಸಭಾಂಗಣಕ್ಕೆ ಕೇಳುವಂತೆ, "ಬಾವಿ ವಾಪಸ್ ಕೊಡಲೇ ಅಂತವ್ಳೆ ಕಣೋ!" ಎಂದು ಕೂಗಿದರು. ಜನ ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. ಅಷ್ಟು ಗದ್ದಲದ ನಡುವೆ ಕಾಂತರಾಜ್ ಮೇಷ್ಟ್ರ ಬಲಗೈ ನಿಧಾನವಾಗಿ ಮೇಲೆ ಹೋಯಿತು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ರಂಗದ ಮೇಲೆ ವಿದ್ಯಾಶ್ರೀ ಆ ಕೈಯನ್ನು ನೋಡಿ ಮುದುಕಿಯ ಗೂನು ಬೆನ್ನನ್ನು ಮರೆತು ನೆಟ್ಟಗೆ ನಿಂತುಬಿಟ್ಟಳು.

ಎರಡನೇ ಬಹುಮಾನ ಕೊಟ್ಟರು. ತೀರ್ಪುಗಾರರ ಜೊತೆ ಜಗಳಕ್ಕೆ ಹೊರಟಿದ್ದ ನನ್ನನ್ನು ಮೇಷ್ಟ್ರೇ ಹಿಡಿದು ನಿಲ್ಲಿಸಿದರು.

ಮರುವಾರ ಬುಧವಾರ, ಮೂರನೇ ಪಿರಿಯಡ್ಡು. ವೇಳಾಪಟ್ಟಿಯ ಪ್ರಕಾರ ನಾಟಕ. ನಾನು ಹಳೇ ಅಭ್ಯಾಸದಿಂದ ಬೋರ್ಡಿನ ಮೇಲೆ ಅರ್ಧ ತ್ರಿಭುಜ ಬರೆದಾಗಿತ್ತು. ಬಾಗಿಲಲ್ಲಿ ಕಾಂತರಾಜ್ ಮೇಷ್ಟ್ರು ನಿಂತಿದ್ದರು. ಕಿವಿಯಲ್ಲಿ ಹೊಸ ಮಿಷನ್. ಹದಿನೆಂಟು ವರ್ಷದಲ್ಲಿ ಅವರು ಹೀಗೆ ಬಂದಿದ್ದು ಅದೇ ಮೊದಲು.

"ಬೇಡಲಿಕ್ಕೆ ಬಂದಿಲ್ಲ ಮೇಡಂ," ಎಂದರು, "ನನ್ನ ಪಿರಿಯಡ್ ವಾಪಸ್ ತಗೊಂಡು ಹೋಗಲಿಕ್ಕೆ ಬಂದಿದ್ದೀನಿ."

ಹಿಂದಿನ ಬೆಂಚಿಗೂ ಸ್ಪಷ್ಟವಾಗಿ ಕೇಳಿಸಿತು. ನಾನು ಸೀಮೆಸುಣ್ಣ ಕೆಳಗಿಟ್ಟು ಕೈ ಎತ್ತಿದೆ.