ಬುಟ್ಟಿ ಹೊತ್ತ ಬಾಗಿ ಕ್ಯಾಮೆರಾಕ್ಕೆ ಕಾಣುವುದಿಲ್ಲ

ಬೆಳಿಗ್ಗೆ ಆರೂಕಾಲು. ಬಂದರಿನ ಹಿಂದಿನ ರಸ್ತೆಯಲ್ಲಿ ಖಾಲಿ ಬಸ್ಸೊಂದು ಆಮೆಯ ಹಾಗೆ ಬರುತ್ತಿದೆ. ಅದರ ಮುಂದೆ ಮೀನಿನ ಬುಟ್ಟಿ ಹೊತ್ತು, ಹೊಳೆಯಾಚೆಯ ಬೆಂಗ್ರೆಯ ಬಾಗಿ ಎಂಬ ಹೆಂಗಸು ರಸ್ತೆ ದಾಟುತ್ತಾರೆ. ಬಸ್ಸಿನ ಗಾಜಿಗೆ ಅಂಟಿಸಿದ ಕ್ಯಾಮೆರಾ ಮನುಷ್ಯರನ್ನು ಕಂಡರೆ ಪರದೆಯಲ್ಲಿ ಅವರ ಸುತ್ತ ಹಸಿರು ಚೌಕ ಎಳೆದು ಚಾಲಕನನ್ನು ಎಚ್ಚರಿಸಬೇಕು. ಬದಿಯಲ್ಲಿ ಹಲ್ಲುಜ್ಜುತ್ತಿರುವವನ ಸುತ್ತ ಚೌಕ ಬೀಳುತ್ತದೆ. ಬಾಗಿಯ ಸುತ್ತ ಬೀಳುವುದಿಲ್ಲ.

"ಬಾಗಿಯಕ್ಕ, ಇನ್ನೊಂದು ಸಲ," ಎಂದು ಕ್ಯಾಮೆರಾ ಕಂಪನಿಯ ಎಂಜಿನಿಯರ್ ಗೇವಿನ್ ಬಸ್ಸಿನೊಳಗಿನಿಂದ ಕೂಗುತ್ತಾರೆ.

"ಇನ್ನೊಂದು ಇನ್ನೊಂದು ಅಂತ ಎಷ್ಟು ಮಾರಾಯ? ನನ್ನ ಮೊಣಕಾಲೆಂತ ಬಾಡಿಗೆಗೆ ತಂದದ್ದಾ?"

ಐವತ್ತೆಂಟರ ಬಾಗಿ ಮೂವತ್ತು ವರ್ಷಗಳಿಂದ ದೋಣಿಯಲ್ಲಿ ಹೊಳೆ ದಾಟಿ ಬಂದು ಮನೆಮನೆಗೆ ಮೀನು ಮಾರುವವರು. ಎರಡು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಬಸ್ಸು ತಾಗಿ ಸೊಂಟದ ಮೂಳೆ ಮುರಿಯಿತು. ಇಂದಿಗೂ ಸ್ವಲ್ಪ ಕುಂಟುತ್ತಾರೆ. ಕ್ಯಾಮೆರಾ ಪರೀಕ್ಷೆಗೆ ನಡೆಯುವವರು ಬೇಕು ಎಂದಾಗ ಒಪ್ಪಿದ್ದು ಅದಕ್ಕೇ. "ಅವತ್ತು ಡ್ರೈವರ್ ಕಾಣಲಿಲ್ಲ ಅಂದ. ಈಗ ಕ್ಯಾಮೆರಾವೂ ಕಾಣುದಿಲ್ಲ ಅಂತದೆ. ನಾನೆಂತ ಗಾಳಿಯಾ?"

ಎಂಟು ಗಂಟೆಯ ಹೊತ್ತಿಗೆ ನಲವತ್ತು ಸಲ ದಾಟಿದ್ದಾರೆ. ಬರಿತಲೆಯಲ್ಲಿ ಹದಿನೈದು ಸಲ, ಹದಿನೈದೂ ಸಲ ಚೌಕ ಬಿತ್ತು. ಬುಟ್ಟಿ ಹೊತ್ತು ಇಪ್ಪತ್ತೈದು ಸಲ, ಬಿದ್ದದ್ದು ಒಂಬತ್ತೇ ಸಲ. ಮನುಷ್ಯರನ್ನು ಗುರುತಿಸಲು ಯಂತ್ರಕ್ಕೆ ತೋರಿಸಿ ಕಲಿಸಿದ ವಿಡಿಯೋಗಳು ಎಲ್ಲಿಯವೋ. ಅಲ್ಲಿ ಯಾರೂ ತಲೆಯ ಮೇಲೆ ಹೊರೆ ಹೊರುವುದಿಲ್ಲವಂತೆ. ಮೀನು ತಿಂದೇ ಬೆಳೆದ ಊರಿನಲ್ಲಿ ನಿಂತು ಈ ಮಾತು ಕೇಳಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮುಂದಿನ ತಿಂಗಳು ಇದೇ ದಾರಿಯ ಬಸ್ಸುಗಳಿಗೆ ಈ ಕ್ಯಾಮೆರಾ ಬರಲಿದೆ.

ಪರಿಹಾರವೂ ಸಿದ್ಧವಿದೆ, ಕೇಳಿ. "ಬುಟ್ಟಿಯದ್ದನ್ನು ವಿಶೇಷ ಸಂದರ್ಭ ಅಂತ ಲೆಕ್ಕದಿಂದ ಬಿಡ್ಲಿಕ್ಕೆ ಆಫೀಸಿನಿಂದ ಹೇಳಿದ್ದಾರೆ," ಎನ್ನುತ್ತಾರೆ ಗೇವಿನ್, ನೆಲ ನೋಡುತ್ತಾ. "ಬಾಗಿಯಕ್ಕ, ಬುಟ್ಟಿ ಕೆಳಗಿಟ್ಟು ಇನ್ನೊಂದು ಹತ್ತು ಸಲ ನಡೆದ್ರೆ ರಿಪೋರ್ಟ್ ಪಾಸ್ ಆಗ್ತದೆ."

"ವಿಶೇಷ ಎಂತದ್ದು? ಬುಟ್ಟಿ ಇಲ್ಲದೆ ನಡೆಯುದೇ ನನಗೆ ವಿಶೇಷ. ನಾಳೆ ಬಸ್ಸು ಬರುವಾಗ ಬುಟ್ಟಿ ಬಿಸಾಡಿ ಓಡ್ಲಿಕ್ಕುಂಟಾ?"

ಬಾಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ಸು ಹತ್ತುತ್ತಾರೆ, ಗೇವಿನ್ ಅವರ ಲ್ಯಾಪ್‌ಟಾಪಿನ ಎದುರು ಕೂರುತ್ತಾರೆ. ಓದು ಬಾರದ ಅವರು ಪರದೆಯ ಮೇಲೆ ಬೆರಳಿಟ್ಟು ತಮ್ಮ ಬುಟ್ಟಿಯ ಲೆಕ್ಕದ ಸಾಲು ಯಾವುದೆಂದು ಕೇಳಿ ತಿಳಿದುಕೊಳ್ಳುತ್ತಾರೆ.

"ಇದನ್ನು ಅಳಿಸಬೇಡ. ಹದಿನಾರು ಸಲ ಕಾಣಲಿಲ್ಲ ಅಂತ ಬರಿ ಮಗಾ," ಎನ್ನುತ್ತಾರೆ. "ಇಪ್ಪತ್ತೈದು ಸಲವೂ ನಾನು ಎದುರೇ ಇದ್ದೆ."