ಕೂರು ಅಂದರೆ ಓಡುವವಳು

ನನ್ನ ಮಗಳು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಐದು ವರ್ಷ ಅವಳಿಗೆ. ಹಲ್ಲುಜ್ಜುತ್ತಾ ಕುಣಿಯುತ್ತಾಳೆ. ದೋಸೆಯ ಒಂದೊಂದು ತುತ್ತಿಗೂ ಬಾಲ್ಕನಿಗೆ ಹೋಗಿ ಪಾರಿವಾಳಗಳಿಗೆ ಬೈದು ಬರುತ್ತಾಳೆ. ಮಲಗಿದ ಮೇಲಾದರೂ ಸುಮ್ಮನಿರುತ್ತಾಳೆಯೇ ಅಂದರೆ, ಹಾಸಿಗೆಯಲ್ಲೇ ಒಂದು ಸುತ್ತು ತಿರುಗಿ ಬೆಳಿಗ್ಗೆ ಅವಳ ಕಾಲು ಅಪ್ಪನ ಮೂಗಿನ ಮೇಲಿರುತ್ತದೆ.

ನಾವು ಉಡುಪಿಯಿಂದ ಈ ಮರಾಠಿ ಸೀಮೆಯ ನೆರೂಳಿಗೆ ಬಂದದ್ದು ಕಳೆದ ವರ್ಷ. ಹತ್ತಿರದ ಸಾನಪಾಡಾದಲ್ಲಿ ನನ್ನ ಗಂಡನ ಸೋದರಮಾವನ ಹೋಟೆಲಿದೆ. ಮಾವನಿಗೆ ಮೊಣಕಾಲು ನೋವು ಶುರುವಾಗಿ, ಗಲ್ಲಾದಲ್ಲಿ ಕೂರಲು ನನ್ನ ಗಂಡನನ್ನು ಕರೆಸಿಕೊಂಡರು. ಹಾಗಾಗಿ ನಮ್ಮ ಮನೆಯಲ್ಲಿ ಕೂರುವ ಕೆಲಸ ಇರುವುದು ಅವರೊಬ್ಬರಿಗೇ. ನನಗೆ ವಾಶಿಯಲ್ಲಿ ಆಫೀಸು, ಮಗಳಿಗೆ ಸಾನಪಾಡಾದಲ್ಲೇ ಶಾಲೆ. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಟ್ಟು ನಾನು ಮುಂದೆ ಹೋಗಬೇಕು.

ಆ ಹೊತ್ತಿನ ಬಸ್ಸುಗಳ ಬಗ್ಗೆ ಹೇಳದಿರುವುದೇ ವಾಸಿ. ಬಾಗಿಲಲ್ಲಿ ಜನ ನೇತಾಡುತ್ತಿರುತ್ತಾರೆ. ಪುಣ್ಯ ಮಾಡಿದ್ದರೆ ಎಂದಾದರೊಮ್ಮೆ ಡಿಪೋದಿಂದ ನೇರ ಹೊರಟ ಬಸ್ಸೊಂದು ಖಾಲಿಯಾಗಿ ಬರುತ್ತದೆ. ಅದನ್ನು ಕಂಡ ಕೂಡಲೇ ನಾನು ಕೂಗುತ್ತೇನೆ: "ಖಾಲಿ ಬಸ್! ಓಡು, ಸೀಟ್ ಹಿಡಿ!" ಮಗಳು ಬಾಣದ ಹಾಗೆ ಹಾರುತ್ತಾಳೆ. ದೊಡ್ಡವರ ಕಾಲುಗಳ ನಡುವೆ ನುಸುಳಿ ಒಳಗೆ ಹೋಗಿ, ಒಂದು ಸೀಟಿನಲ್ಲಿ ತಾನು ಕೂತು, ಪಕ್ಕದ್ದರಲ್ಲಿ ನೀರಿನ ಬಾಟಲಿ ಇಟ್ಟು, "ಇಲ್ಲಿ ನನ್ನ ಅಮ್ಮ ಉಂಟು" ಎಂದು ಕನ್ನಡದಲ್ಲಿ ಎಲ್ಲರನ್ನೂ ಹೆದರಿಸುತ್ತಾಳೆ. ಆ ವಿಷಯದಲ್ಲಿ ನನಗೆ ಅವಳ ಮೇಲೆ ಭಾರೀ ಹೆಮ್ಮೆ.

ದೀಪಾವಳಿ ರಜೆ ಮುಗಿದ ಮೇಲೆ ಅವಳ ಕ್ಲಾಸಿಗೆ ಹೊಸ ಟೀಚರ್ ಬಂದರು. ಸ್ವಲ್ಪ ದಿನಕ್ಕೇ ಶಾಲೆಯಿಂದ ನನಗೆ ಕರೆ. ಟೀಚರ್ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. "ನಿಮ್ಮ ಮಗಳನ್ನು ಕೂರಲು ಹೇಳಿದರೆ ಏಳುತ್ತಾಳೆ, ಇನ್ನೊಮ್ಮೆ ಹೇಳಿದರೆ ಬಾಟಲಿ ಹಿಡಿದು ಬಾಗಿಲಿಗೆ ಓಡುತ್ತಾಳೆ, ಹೇಳಿದಷ್ಟೂ ಜಾಸ್ತಿ." ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕತೆ. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ತಣ್ಣಗೆ ಹೇಳಿದರು: "ಹೈಪರ್‌ಆ್ಯಕ್ಟಿವ್ ಇರಬಹುದು, ಡಾಕ್ಟರಿಗೆ ತೋರಿಸಿ. ಹೀಗೇ ಆದರೆ ಮುಂದಿನ ವರ್ಷ ಒಂದನೇ ಕ್ಲಾಸಿಗೆ ತೆಗೆದುಕೊಳ್ಳುವುದು ಕಷ್ಟ."

ನನಗೆ ಸಿಟ್ಟು ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಆದರೆ ನನ್ನ ಹೆಗ್ಗಣ ಬುದ್ಧಿವಂತೆ! ಸಿಟ್ಟಿನ ಹಿಂದೆಯೇ ಭಯವೂ ಬಂತು. ಫೋನಿನಲ್ಲಿ ಲಕ್ಷಣಗಳನ್ನು ಓದಿದೆ. ಸರದಿ ಕಾಯಲಾರರು, ಮಾತಿನ ಮಧ್ಯೆ ಬಾಯಿ ಹಾಕುತ್ತಾರೆ, ಸುಮ್ಮನೆ ಓಡುತ್ತಾರೆ. ಆ ಲೆಕ್ಕದಲ್ಲಿ ನೆರೂಳು ಸ್ಟೇಷನ್ನಿನಲ್ಲಿ ಕಾಣುವ ಎಲ್ಲರನ್ನೂ ಡಾಕ್ಟರಿಗೆ ತೋರಿಸಬೇಕಿತ್ತು, ಮೊದಲು ನನ್ನನ್ನು. ಪಕ್ಕದ ಮನೆಯವರು ಸಕ್ಕರೆ ಬಿಡಿಸಿ ಅಂದರು. ಮೇಲಿನ ಮನೆಯವರು ದೃಷ್ಟಿ ತೆಗೆಯಿರಿ ಅಂದರು. ನನ್ನ ಗಂಡ ಮಾತ್ರ, "ಎಂತ ಮಾರಾಯ್ತಿ, ಮಕ್ಕಳು ಓಡದೆ ಮತ್ತೆ ನನ್ನ ಹಾಗೆ ಗಲ್ಲಾದಲ್ಲಿ ಕೂರ್ತಾರಾ?" ಅಂದರು.

ಮಗಳನ್ನೇ ಕೇಳಿದೆ. "ಯಾಕೆ ಓಡ್ತೀ?"

"ಟೀಚರೇ ಹೇಳ್ತಾರಲ್ಲ! ಆದ್ರೆ ಬೇರೆ ಯಾರೂ ಬರೂದೇ ಇಲ್ಲ."

ಸುಳ್ಳು ಹೇಳಲು ಯಾವಾಗ ಕಲಿತಳಪ್ಪಾ ಎಂದು ಇನ್ನೊಂದು ಚಿಂತೆ ಹತ್ತಿತು. ಲಿಫ್ಟಿನಲ್ಲಿ ಅವಳು ನನ್ನ ದುಪಟ್ಟಾ ಎಳೆದು ಕೇಳಿದಳು: "ಅಮ್ಮ, ನಾನು ಹೈಪರ್ ಅಂತೆ. ಅದು ಒಳ್ಳೇದಾ, ಕೆಟ್ಟದ್ದಾ?" ಅವಳ ಕಿವಿಗೆ ಇದು ಯಾವಾಗ ಬಿತ್ತೋ.

ಶನಿವಾರ ಥಾಣೆಗೆ ಹೋಗುವ ಟ್ರೇನ್ ಹತ್ತಿದೆವು. ಅಲ್ಲಿ ಮಕ್ಕಳ ಬೆಳವಣಿಗೆಯನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆಂದು ಆಫೀಸಿನ ಗೆಳತಿ ಹೇಳಿದ್ದಳು. ಘಣಸೋಲಿ ಸ್ಟೇಷನ್ ಬರುವಷ್ಟರಲ್ಲಿ ಮಗಳು ಇಡೀ ಬೋಗಿಯ ಹೆಂಗಸರ ಪರಿಚಯ ಮಾಡಿಕೊಂಡಿದ್ದಳು. ನಾನು ಕೈ ಮುಗಿದು ಬೇಡಿದೆ, "ಡಾಕ್ಟರ ಎದುರು ಸ್ವಲ್ಪ ಹೊತ್ತು ಕೂತ್ಕೋ ಪುಟ್ಟಾ, ಅಷ್ಟೇ ಸಾಕು."

ಕ್ಲಿನಿಕ್ಕಿನಲ್ಲಿ ನಮಗಿಂತ ಮೊದಲು ಒಬ್ಬ ತಾಯಿ, ಎಂಟು ವರ್ಷದ ಮಗಳೊಡನೆ ಕಾಯುತ್ತಿದ್ದರು. ಆ ಹುಡುಗಿ ಕುರ್ಚಿಯಿಂದ ಕುರ್ಚಿಗೆ ಹೋಗುತ್ತಿದ್ದಳು, ಕೈಗೆ ತೆಗೆದುಕೊಂಡ ಆಟಿಕೆಯನ್ನು ನೋಡುವ ಮೊದಲೇ ಬಿಡುತ್ತಿದ್ದಳು, ಮುಖದಲ್ಲಿ ಸುಸ್ತು. ತಾಯಿ ಹಿಂದಿಯಲ್ಲಿ ನನಗೆ ಹೇಳಿದರು: "ಇವಳಿಗೂ ನಿಲ್ಲಬೇಕು ಅಂತ ಆಸೆ ಇದೆ, ಆಗುವುದಿಲ್ಲ. ಇಲ್ಲಿಗೆ ಬರಲು ಶುರು ಮಾಡಿದ ಮೇಲೆ ಎಷ್ಟೋ ಹಗುರವಾಗಿದ್ದಾಳೆ." ಬೇರೆಯವರು ಹೇಳಿದ್ದೆಲ್ಲಕ್ಕಿಂತ ಆ ಮಾತೊಂದು ನನಗೆ ನಾಟಿತು.

ಡಾಕ್ಟರಮ್ಮ ಒಳಗೆ ಕರೆದು ಬಹಳ ಕೇಳಿದರು. ಎಲ್ಲ ಕಡೆಯೂ ಹೀಗೇನಾ, ಶಾಲೆಯಲ್ಲಿ ಮಾತ್ರವಾ? ಮೊದಲಿನಿಂದಲೂ ದೂರು ಇತ್ತಾ? ಇಷ್ಟವಾದ ಕೆಲಸವಾದರೂ ಮುಗಿಸುತ್ತಾಳಾ? ನನಗೆ ಹೋಟೆಲು ನೆನಪಾಯಿತು. ಭಾನುವಾರ ಅಲ್ಲಿ ಅವಳು ನಾಲಗೆ ಹೊರಗೆ ಹಾಕಿಕೊಂಡು, ಕೈ ಒರೆಸುವ ಕಾಗದವನ್ನು ತ್ರಿಕೋನವಾಗಿ ಮಡಚಿ ಗ್ಲಾಸಿಗೆ ತುಂಬುತ್ತಾಳೆ. ಎಲ್ಲ ಟೇಬಲ್ಲಿನ ಗ್ಲಾಸು ತುಂಬುವವರೆಗೆ ಕರೆದರೂ ಏಳುವುದಿಲ್ಲ. ಹಳೆಯ ಟೀಚರ್ ಒಮ್ಮೆಯೂ ದೂರಿರಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಅಷ್ಟು ಹೊತ್ತೂ ಮಗಳು ಮೂಲೆಯಲ್ಲಿ ನಿಂತು ಆಟದ ಮರದ ಚೂರುಗಳನ್ನು ಜೋಡಿಸುತ್ತಿದ್ದಳು.

ಡಾಕ್ಟರಮ್ಮ ಅವಳ ಕಡೆ ತಿರುಗಿ, ಪುಟ್ಟ ಕುರ್ಚಿ ತೋರಿಸಿ, ಬಹಳ ಪ್ರೀತಿಯಿಂದ ಮರಾಠಿಯಲ್ಲಿ ಅಂದರು: "ಬಾಳಾ, ಖಾಲೀ ಬಸ್."

ಮಗಳು ಚೂರುಗಳನ್ನು ಅಲ್ಲೇ ಬಿಟ್ಟಳು. ನೀರಿನ ಬಾಟಲಿ ಹಿಡಿದಳು. "ಅಮ್ಮಾ, ಖಾಲಿ ಬಸ್ಸಂತೆ! ಬೇಗ ಬಾ!" ಎಂದು ಕೂಗುತ್ತಾ ಬಾಗಿಲು ತೆರೆದು ಓಡಿದಳು.

ಒಂದು ಕ್ಷಣ ನನಗೇನೂ ತಿಳಿಯಲಿಲ್ಲ. ಆಮೇಲೆ ಬಂತು ನೋಡಿ ನಗು. ಡಾಕ್ಟರಮ್ಮ ಗಾಬರಿಯಾಗಿ ನನಗೇ ನೀರು ಕೊಟ್ಟರು. ಖಾಲೀ ಬಸ್ ಅಂದರೆ ಮರಾಠಿಯಲ್ಲಿ ಕೆಳಗೆ ಕೂತುಕೋ. ನಮಗೆ ಅದು ಖಾಲಿ ಬಸ್ಸು! ಹೊಸ ಟೀಚರ್ ಸುಸ್ತಾದಾಗ ಮರಾಠಿಗೆ ಇಳಿಯುತ್ತಿದ್ದಿರಬೇಕು. ಅವರು ಖಾಲೀ ಬಸ್ ಅಂದಷ್ಟೂ ಇವಳು ಬಸ್ಸು ಬಂತೆಂದು ಓಡಿದ್ದಾಳೆ. ಬಿಕ್ಕುತ್ತಾ ಬಿಡಿಸಿ ಹೇಳಿದೆ. ಡಾಕ್ಟರಮ್ಮ ಮೇಜಿಗೆ ಹಣೆ ಇಟ್ಟು ನಕ್ಕರು. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನಾವು ಬಸ್ಸು ಹಿಡಿದಿದ್ದೆವು.

ಕಣ್ಣು ಒರೆಸಿಕೊಂಡು ಅವರು ಗಂಭೀರವಾಗಿಯೇ ಹೇಳಿದರು: "ಒಂದು ನಗುವಿನಿಂದ ಯಾವುದೂ ತೀರ್ಮಾನವಾಗುವುದಿಲ್ಲ, ಟೀಚರ ಹತ್ತಿರ ನಾನೂ ಮಾತಾಡುತ್ತೇನೆ, ಸ್ವಲ್ಪ ಕಾಲ ನೋಡೋಣ. ಇವತ್ತು ನನಗೆ ಕಾಣುತ್ತಿರುವುದು ಬರೀ ಹುರುಪು. ಜಾಸ್ತಿಯೇ ಇದೆ, ಆದರೆ ಬೇಕಾದಾಗ ಅವಳಿಗೆ ನಿಲ್ಲಲು ಬರುತ್ತದೆ. ಬಾರದೇ ಇದ್ದಿದ್ದರೂ ಅದು ಅವಳ ತಪ್ಪಾಗುತ್ತಿರಲಿಲ್ಲ, ಅದಕ್ಕೂ ದಾರಿ ಇದೆ."

ಕಾಯುವ ಕೋಣೆಯನ್ನೆಲ್ಲ ಹುಡುಕಿದ ಮಗಳು ಮೋರೆ ಸಣ್ಣದು ಮಾಡಿಕೊಂಡು ವಾಪಸು ಬಂದಳು. "ಇಲ್ಲೂ ಬಸ್ಸಿಲ್ಲ. ಶಾಲೆಯಲ್ಲೂ ಯಾವತ್ತೂ ಇರೂದಿಲ್ಲ. ನಾನು ಎಲ್ಲರಿಗೂ ಸೀಟ್ ಹಿಡಿಯುವಾ ಅಂತ ಓಡಿದ್ದು. ಟೀಚರಿಗೆ ಕಿಟಕಿ ಸೀಟ್."

ನಗುತ್ತಿದ್ದ ನನಗೆ ಅಳು ಬಂದುಬಿಟ್ಟಿತು. ಇಡೀ ಕ್ಲಾಸಿನಲ್ಲಿ ಹೇಳಿದ ಮಾತು ಕೇಳುತ್ತಿದ್ದವಳು ಇವಳೊಬ್ಬಳೇ. ಅವಳನ್ನು ಎತ್ತಿಕೊಂಡು ಆ ಎರಡು ಶಬ್ದದ ಮರಾಠಿ ಅರ್ಥ ಹೇಳಿಕೊಟ್ಟೆ. ಅವಳು ಅದನ್ನು ವಾಪಸು ನೆರೂಳು ಬರುವವರೆಗೆ ಟ್ರೇನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಕೂತವರಿಗೂ ಹೇಳಿದಳು.

ಸೋಮವಾರ ಬೆಳಿಗ್ಗೆ ನಮ್ಮ ಪುಣ್ಯಕ್ಕೆ ಡಿಪೋದ ಬಸ್ಸು ಬಂತು, ಒಳಗೆ ನರಪಿಳ್ಳೆಯೂ ಇಲ್ಲ. ಅಭ್ಯಾಸಬಲ, ನಾನು ಕೂಗಿದೆ: "ಖಾಲಿ ಬಸ್!"

ಮಗಳು ನನ್ನನ್ನೇ ನೋಡಿದಳು. ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಫುಟ್‌ಪಾತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ನಾನು ಮರಾಠಿಯಲ್ಲಿ ಕೂತದ್ದು," ಅಂದಳು.

ಡ್ರೈವರ್ ಒಂದು ಸಲ ಹಾರ್ನ್ ಹೊಡೆದು ಹೋಗಿಯೇ ಬಿಟ್ಟ. ನಾನು ನಗು ತಡೆಯಲಾರದೆ ಅವಳ ಪಕ್ಕ ಕುಕ್ಕರಿಸಿದೆ. ಹಿಂದೆಯೇ ಒಂದು ತುಂಬಿದ ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಅವಳು ಕೈ ಕಟ್ಟಿಕೊಂಡು ಅಲುಗಾಡದೆ ಕೂತಿದ್ದಳು. ತಾಳಲಾರದೆ ಮೊದಲು ಎದ್ದವಳು ನಾನೇ.