ಅಳತೆ ರವಿಕೆ

ಹೊಸ ಬಟ್ಟೆಯ ಗಂಜಿ ವಾಸನೆಗೆ ಮೆಷಿನ್ ಎಣ್ಣೆಯ ವಾಸನೆ ಬೆರೆತು ಮೂಗಿಗೆ ಬಡಿದರೆ ನಾನು ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ. ಮೊನ್ನೆ ಪುತ್ತೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹಾಗೇ ಆಯಿತು. ಜೊತೆಗಿದ್ದ ಮಗಳು ಏನಾಯಿತೆಂದು ಕೈ ಹಿಡಿದಳು. ಏನಿಲ್ಲ ಎಂದೆ, ಅದು ಸುಳ್ಳು. ಆ ವಾಸನೆ ನನ್ನನ್ನು ಎಪ್ಪತ್ತರ ದಶಕದ ಕೊನೆಗೆ, ಅಜ್ಜಾವರದ ಒಂದು ಸಣ್ಣ ಹಂಚಿನ ಮನೆಯ ಜಗಲಿಗೆ ಒಯ್ದು ಕೂರಿಸುತ್ತದೆ. ಅಲ್ಲಿ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಾಲಲ್ಲಿ ಮೆಷಿನ್ ತುಳಿಯುತ್ತಾ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನಗೆ ಬೈಯುತ್ತಿರುತ್ತಾರೆ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಮೊದಲು ಜಗಲಿ ಹೋಯಿತು, ಆಮೇಲೆ ಉಳಿದದ್ದನ್ನೂ ಕೆಡವಿದರು. ನಿಮ್ಮ ಬಾಲ್ಯದಲ್ಲೂ ಹೀಗೆ ನೆಲಸಮವಾದ ಜಗಲಿಯೊಂದು ಇದ್ದೀತು. ಇದ್ದರೆ ನನ್ನ ಮಾತು ನಿಮಗೆ ಬೇಗ ಅರ್ಥವಾಗುತ್ತದೆ.

ದೊಡ್ಡಪ್ಪ ಎಳೆಯ ಪ್ರಾಯದಲ್ಲೇ ತೀರಿಹೋಗಿದ್ದರು. ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ಶಾಲೆ ಹತ್ತಿರವೆಂದು ನನ್ನನ್ನು ಅವರಲ್ಲಿ ಬಿಟ್ಟಿದ್ದರು. ನಮ್ಮಿಬ್ಬರ ಹೊಟ್ಟೆ ತುಂಬುತ್ತಿದ್ದುದು ಆ ಮೆಷಿನ್ನಿನಿಂದ. ಆಗೆಲ್ಲ ಹೆಂಗಸರು ರವಿಕೆಯ ಅಳತೆ ಕೊಡಲು ತಾವೇ ಬರುವ ಕ್ರಮವಿರಲಿಲ್ಲ. ಮೈಗೆ ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಪೇಟೆಗೆ ಹೊರಟ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಅದೇ ಅಳತೆ ರವಿಕೆ. ದೊಡ್ಡಮ್ಮ ಅದನ್ನು ಮೊಣಕಾಲ ಮೇಲೆ ಹರಡಿ, ಬೆರಳಿನಿಂದ ಗೇಣು ಹಾಕಿ, ಇವಳಿಗೆ ಎಡಗೈಯಲ್ಲಿ ಕೆಲಸ ಜಾಸ್ತಿ, ಇವಳು ಮಗುವಿಗೆ ಹಾಲು ಬಿಡಿಸಿದ್ದಾಳೆ ಎಂದೆಲ್ಲ ಹೇಳಿಬಿಡುತ್ತಿದ್ದರು. ಮುಖವನ್ನೇ ನೋಡದ ಹೆಂಗಸರನ್ನು ಹೀಗೆ ಬಲ್ಲೆನೆಂಬ ಜಂಬ ಅವರಿಗೆ ಸಾಕಷ್ಟಿತ್ತು, ನಾನೂ ಅದನ್ನು ಶಾಲೆಯಲ್ಲಿ ಹೇಳಿಕೊಂಡು ಮೆರೆಯುತ್ತಿದ್ದೆ. ಮದುವೆಯ ರವಿಕೆಗಳಿಗೆ ಮಾತ್ರ ಅವರದೊಂದು ಪದ್ಧತಿ ಇತ್ತು. ಪಕ್ಕೆಯ ಹೊಲಿಗೆಯೊಳಗೆ ಎರಡು ಬೆರಳಿನಷ್ಟು ಬಟ್ಟೆ ಮಡಚಿ ಬಿಡುತ್ತಿದ್ದರು. ಹೊಸ ಮದುಮಗಳು ವರ್ಷದೊಳಗೆ ತುಂಬಿಕೊಳ್ಳುತ್ತಾಳೆ, ಆಗ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದು ಎಂದು.

ನಮ್ಮ ಪಕ್ಕದ ಮನೆಯ ಯಶೋದಳ ರವಿಕೆಗಳಿಗೂ ಹಾಗೇ ಬಿಟ್ಟಿದ್ದರು. ತಾಯಿ ತಂದೆ ಇಬ್ಬರೂ ಇಲ್ಲದ ಹುಡುಗಿ. ಅಣ್ಣ ಅವಳನ್ನು ಕೊಲ್ಲಮೊಗ್ರಿನ ಕಡೆಯ ಒಂದು ದೊಡ್ಡ ಮನೆಗೆ ಕೊಟ್ಟು, ತಾನು ಕಡಬದ ಕಡೆ ರಬ್ಬರ್ ತೋಟದ ಕೆಲಸಕ್ಕೆ ಹೋಗಿದ್ದ. ಮದುವೆಯಾದ ಮೇಲೆ ಆ ಮನೆಯವರೆಲ್ಲರ ಹೊಲಿಗೆ ನಮಗೇ ಬರತೊಡಗಿತು. ಯಶೋದಳ ಅತ್ತೆಯೇ ಬಸ್ಸಿನಲ್ಲಿ ಗಂಟು ಹಿಡಿದು ಬರುತ್ತಿದ್ದರು. ನಮ್ಮ ಅರ್ಧ ಜೀವನ ಆ ಒಂದು ಮನೆಯ ಮೇಲೆ ನಿಂತಿತ್ತು ಅಂದರೂ ತಪ್ಪಲ್ಲ.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ, ಹೊಸ ಮದುಮಗಳು ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಯಶೋದಳಿಗೆ ಹೋಗಲು ತವರೇ ಇರಲಿಲ್ಲ. ಆ ಆಟಿಯಲ್ಲಿ ಅವಳ ಬದಲು ಅವಳ ಮದುವೆಯ ರವಿಕೆ ಬಂತು. ದೊಡ್ಡದು ಮಾಡಲು ಅಲ್ಲ, ಸಣ್ಣದು ಮಾಡಲು. ಬ್ಲೇಡಿನಿಂದ ಹಳೆಯ ಹೊಲಿಗೆ ಬಿಚ್ಚುವುದು ನನ್ನ ಕೆಲಸ. ದೊಡ್ಡಮ್ಮ ಬಟ್ಟೆಯನ್ನು ಎರಡು ಸಲ ತಿರುಗಿಸಿ ನೋಡಿ ಮೆಷಿನ್ನಿಗೆ ಕೊಟ್ಟರು. ದೀಪಾವಳಿಗೆ ಮೊದಲು ಅದೇ ರವಿಕೆ ಪುನಃ ಬಂತು, ಇನ್ನೂ ಒಂದು ಬೆರಳು ಹಿಡಿಯಬೇಕಂತೆ. ಆ ಸಲ ಗಂಟು ಬಹಳ ದೊಡ್ಡದಿತ್ತು, ಮನೆಯ ಹೆಂಗಸರು ಮಕ್ಕಳೆಲ್ಲರ ಹಬ್ಬದ ಹೊಲಿಗೆ. ದೊಡ್ಡ ಮನೆಯ ಕೆಲಸ, ಮೈ ಇಳಿದರೆ ಒಳ್ಳೆಯದೇ ಎಂದು ಅತ್ತೆ ನಕ್ಕರು. ದೊಡ್ಡಮ್ಮನೂ ನಕ್ಕ ಹಾಗೆ ಮಾಡಿದರು. ನನಗೆ ಆ ನಗು ಹಿಡಿಸಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ರೇಷ್ಮೆ ತುಂಡು ಬಂತು, ಜೊತೆಗೆ ಅಳತೆಗೆ ಅದೇ ರವಿಕೆ. ಈ ಸಲ ಮೈ ಇನ್ನೂ ಸಣ್ಣ, ಆದರೆ ತೋಳು ಮೊಣಕೈಯ ಕೆಳಗಿನವರೆಗೆ ಬರಬೇಕು, ಬೆನ್ನು ಕುತ್ತಿಗೆಯವರೆಗೆ ಮುಚ್ಚಬೇಕು. ಪ್ರಾಯದ ಹುಡುಗಿಯರೆಲ್ಲ ಗಿಡ್ಡ ತೋಳು ಕೇಳುತ್ತಿದ್ದ ಕಾಲ ಅದು. ಅತ್ತೆ ಹೋದ ಮೇಲೆ ದೊಡ್ಡಮ್ಮ ಅಳತೆ ರವಿಕೆಯ ತೋಳಿಗೆ ಮತ್ತೆ ಮತ್ತೆ ಗೇಣು ಹಾಕಿ ನೋಡಿದರು. ಮುಚ್ಚಬೇಕಾದದ್ದು ಎಂತದು ಎಂದು ಹನ್ನೆರಡು ವರ್ಷದ ನನಗೂ ಹೊಳೆಯಿತು. ದೊಡ್ಡಮ್ಮ ಯಶೋದಳ ಅಣ್ಣನಿಗೆ ನನ್ನ ಕೈಯಲ್ಲಿ ಒಂದು ಕಾರ್ಡು ಬರೆಸಿದರು, ತಂಗಿಯನ್ನು ಒಮ್ಮೆ ಹೋಗಿ ನೋಡು ಎಂದು. ಉತ್ತರ ಬರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಎಂದೂ ಮರೆಯಲಾರೆ. ಒಂದು ಹೊಲಿಗೆಯೂ ಓರೆಯಾಗದ ದೊಡ್ಡಮ್ಮ, ಆ ರೇಷ್ಮೆ ರವಿಕೆಯ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂಡಿಸಿದರು. ಹಾಗೆ ಕೂಡಿಸಿದರೆ ಕೈ ಎತ್ತಲಿಕ್ಕೇ ಆಗುವುದಿಲ್ಲ. ತೋಳು ಅದಲುಬದಲಾಗಿದೆ ಎಂದು ನಾನು ಬೆರಳು ತೋರಿಸಿದೆ.

"ಗೊತ್ತುಂಟು. ನೀನು ಸುಮ್ಮನಿರು," ಎಂದರು. "ಸರಿಯಾಗದಿದ್ರೆ ಅವಳೇ ಬರ್ಬೇಕಲ್ಲ."

ರವಿಕೆ ವಾರದೊಳಗೆ ಮರಳಿ ಬಂತು, ಅತ್ತೆಯ ಕೈಯಲ್ಲೇ. ಮೈ ಮೇಲೆ ಹಾಕಿ ನೋಡದೆ ಇದು ಸರಿಯಾಗುವುದಿಲ್ಲ, ಹುಡುಗಿಯನ್ನೇ ಕಳಿಸಿ ಎಂದು ದೊಡ್ಡಮ್ಮ ಹೇಳಿದರು. ಅತ್ತೆ ನಮ್ಮಿಬ್ಬರ ಮುಖವನ್ನು ನೋಡಿ, ಮಂಗಳವಾರ ಕಳಿಸುತ್ತೇನೆ ಎಂದು ರವಿಕೆ ಅಲ್ಲೇ ಬಿಟ್ಟು ಎದ್ದರು. ಮಂಗಳವಾರ ದೊಡ್ಡಮ್ಮ ನನಗೆ ಶಾಲೆ ತಪ್ಪಿಸಿದರು. ನೀರುದೋಸೆ ಹೊಯ್ದಿಟ್ಟು, ಒಳಕೋಣೆಯಲ್ಲಿ ಚಾಪೆ ಹಾಸಿದರು. ಬಂದರೆ ಮತ್ತೆ ಕಳಿಸುವುದಿಲ್ಲ ಎಂದು ಮನಸ್ಸು ಮಾಡಿದ್ದರೆಂದು ನನಗನ್ನಿಸಿತು. ಬಸ್ಸುಗಳು ಒಂದೊಂದಾಗಿ ನಿಂತು ಹೋದವು. ಯಶೋದ ಯಾವುದರಿಂದಲೂ ಇಳಿಯಲಿಲ್ಲ. ಮುಂದಿನ ಮಂಗಳವಾರವೂ ಇಲ್ಲ. ಆಮೇಲೆ ನಾವು ರಸ್ತೆ ನೋಡುವುದನ್ನೇ ಬಿಟ್ಟೆವು, ಅದರ ಬಗ್ಗೆ ಮಾತನಾಡಲೂ ಹೆದರಿಕೆ.

ಬೇಸಗೆ ಶುರುವಾದಾಗ ಅತ್ತೆ ಬಂದರು. ಜಗಲಿಯಲ್ಲಿ ಕೂತು ಬೆವರು ಒರೆಸಿ, ನೀರು ಬೆಲ್ಲ ಕೇಳಿ ತೆಗೆದುಕೊಂಡು, ಯಶೋದ ಹೋದಳು, ಜ್ವರ ಬಂದಿತ್ತು ಎಂದರು. ಹಿತ್ತಾಳೆ ಕೊಡಪಾನ ಬಾವಿಗೆ ಬಿತ್ತು ಎಂದು ಹೇಳುವಷ್ಟೇ ಬೇಜಾರು ಅದರಲ್ಲಿತ್ತು. ನಿಜಕ್ಕೂ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಮತ್ತೆ ಚೀಲದಿಂದ ಒಂದು ರವಿಕೆ ತೆಗೆದು ದೊಡ್ಡಮ್ಮನ ಮುಂದಿಟ್ಟರು. ಹಳದಿ ಬಣ್ಣದ್ದು, ಚಿಕ್ಕ ತೋಳಿನದು.

"ಮಗನಿಗೆ ಹುಡುಗಿ ನಿಶ್ಚಯ ಆಯ್ತು. ಅಳತೆ ಇದು," ಎಂದರು. "ಆ ರೇಷ್ಮೆ ನಿಮ್ಮಲ್ಲೇ ಉಂಟಲ್ಲ, ಬಿಚ್ಚಿ ಇದಕ್ಕೆ ಸರಿ ಮಾಡಿ. ಸುಮ್ಮನೆ ಹಾಳು ಮಾಡುದು ಯಾಕೆ?"

ದೊಡ್ಡಮ್ಮ ಹಳದಿ ರವಿಕೆಯನ್ನು ಕೈಯಿಂದ ಸವರಿದರು, ಗೇಣು ಹಾಕಲಿಲ್ಲ. ಮಡಚಿ ಅವರ ಚೀಲಕ್ಕೇ ಹಾಕಿದರು.

"ಹುಡುಗಿಯನ್ನು ಕರ್ಕೊಂಡು ಬನ್ನಿ. ನಾನು ಅವಳನ್ನು ನೋಡ್ಬೇಕು. ಇಲ್ಲದಿದ್ರೆ ಹೊಲಿಯುದಿಲ್ಲ."

ಆ ಮನೆಯ ಗಂಟು ಮತ್ತೆ ನಮ್ಮ ಜಗಲಿಗೆ ಬರಲಿಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ; ದೊಡ್ಡಮ್ಮ ಯಾರ ಅಳತೆ ರವಿಕೆಯನ್ನೂ ಮುಟ್ಟದಾದರು. ಎಷ್ಟು ದೂರದವರಾದರೂ ಸರಿ, ಹೆಂಗಸು ಎದುರಿಗೆ ಬಂದು ನಿಲ್ಲಬೇಕು. ಈ ಮುದುಕಿಗೆ ಎಂತದೋ ತಲೆಗೆ ಏರಿದೆ ಎಂದು ಜನ ಸುಳ್ಯದ ಟೈಲರುಗಳ ಕಡೆಗೆ ತಿರುಗಿದರು. ಎಂಬತ್ತರ ದಶಕ ನಡುವಿಗೆ ಬರುವಾಗ ಮೆಷಿನ್ ಮೇಲೆ ಬಟ್ಟೆ ಹೊದಿಸಿಡುವ ದಿನಗಳೇ ಹೆಚ್ಚಾದವು. ಅವರು ತೀರಿಕೊಳ್ಳುವ ಹಿಂದಿನ ವರ್ಷ ನಾನು ತಡೆಯಲಾರದೆ ಕೇಳಿದೆ, ಒಬ್ಬ ಕೆಟ್ಟ ಹೆಂಗಸಿಗಾಗಿ ಇಡೀ ಊರಿನ ಹೊಲಿಗೆ ಯಾಕೆ ಬಿಟ್ಟಿರಿ ಎಂದು.

"ಅವರಿಗಾಗಿ ಅಲ್ಲ ಮಗಾ. ಯಶೋದಳ ರವಿಕೆ ಎರಡನೇ ಸಲ ಹಿಡಿಯುವಾಗಲೇ ನಂಗೆ ಗೊತ್ತಾಗಿತ್ತು. ದೀಪಾವಳಿಯ ಹೊಲಿಗೆ ಒಂದು ಮುಗೀಲಿ ಅಂತ ಸುಮ್ಮನಿದ್ದೆ."

ಆ ದೀಪಾವಳಿಯ ಹೊಲಿಗೆಯ ದುಡ್ಡಿನಿಂದಲೇ ಮುಂದಿನ ಜೂನಿನಲ್ಲಿ ನನ್ನನ್ನು ಹೈಸ್ಕೂಲಿಗೆ ಸೇರಿಸಿದ್ದು. ಈಗ ನೀವು ಓದುತ್ತಿರುವ ಇಷ್ಟು ಅಕ್ಷರ ನನ್ನ ಕೈಗೆ ಬಂದದ್ದೂ ಹಾಗೆಯೇ.